ದೊಡ್ಡಮ್ಮ ಕಾದ ಮೂವತ್ತನಾಲ್ಕು ವರ್ಷ

ಹದಿನೆಂಟು ವರ್ಷದಿಂದ ಮಾನಸಿಕ ವಿಭಾಗದಲ್ಲಿ ನರ್ಸ್ ನಾನು. ಅಷ್ಟು ಸುಲಭಕ್ಕೆ ಕಣ್ಣೀರು ಬರೋದಿಲ್ಲ... ಆದರೆ ಮೊನ್ನೆ ಬುಧವಾರದ್ದನ್ನ ನಿಮಗೆ ಹೇಳಲೇಬೇಕು.

ಸಿಂಚನಾ ಅಂತ ಒಬ್ಬ ಹುಡುಗಿ, ದೊಡ್ಡಮ್ಮನ ಜೊತೆ ಬಂದಿದ್ದಳು. ಅವಳ ಅಮ್ಮ ನಮ್ಮಲ್ಲಿ ಹಳೇ ಪೇಶೆಂಟ್... ಬೈಪೋಲಾರ್, ಮನಸ್ಸು ಒಮ್ಮೆ ಮಿತಿಮೀರಿ ಏರಿ ಇನ್ನೊಮ್ಮೆ ಪೂರ್ತಿ ಕುಸಿಯೋ ಕಾಯಿಲೆ.

"ಭಾನುವಾರ ಹುಡುಗನ ಕಡೆಯವರು ನೋಡೋಕೆ ಬರ್ತಾರೆ ಡಾಕ್ಟ್ರೇ. ಅಮ್ಮಂದು ನಂಗೂ ಬರುತ್ತೆ ಅಂದ್ರೆ ಈಗಲೇ ಬೇಡ ಅಂದ್ಬಿಡ್ತೀನಿ."

ಡಾಕ್ಟರ್ ಪೇಪರ್ ತಗೊಂಡು ಅವಳ ವಂಶವೃಕ್ಷ ಬರೆಯೋಕೆ ಶುರುಮಾಡಿದರು.

"ಅಮ್ಮನಿಗೆ ಅಕ್ಕತಂಗಿಯರು?"

"ಇವರೊಬ್ಬರೇ. ಅಮ್ಮ, ದೊಡ್ಡಮ್ಮ ಅವಳಿ. ಹಳೇ ಫೋಟೋದಲ್ಲಿ ಯಾರು ಯಾರು ಅಂತ ಅಜ್ಜಿಗೇ ಗೊತ್ತಾಗ್ತಿರಲಿಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಿಮಗೆ ಯಾವತ್ತಾದ್ರೂ ಈ ಕಾಯಿಲೆ ಬಂದಿತ್ತಾ ತಾಯಿ?"

"ಇಲ್ಲ... ಕಾಯ್ತಾ ಇದೀನಿ," ಅಂದರು ದೊಡ್ಡಮ್ಮ.

ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು.

ಇಪ್ಪತ್ತೆರಡನೇ ವಯಸ್ಸಿಗೆ ತಂಗಿಗೆ ಕಾಯಿಲೆ ಬಂತಂತೆ. ಒಂದೇ ಮುಖ, ಒಂದೇ ರಕ್ತ... ನಾಳೆ ನನಗೂ ಗ್ಯಾರಂಟಿ ಅಂದುಕೊಂಡು ಗೊತ್ತಾಗಿದ್ದ ಮದುವೇನ ಇವರೇ ಮುರಿದರು.

ತಂಗಿಗೆ ಮೊದಲು ನಿದ್ದೆ ಕೆಟ್ಟಿತ್ತಲ್ಲ... ಅದಕ್ಕೇ ದಿನಾ ಬೆಳಿಗ್ಗೆ ಎದ್ದು, ಎಷ್ಟು ಗಂಟೆ ಮಲಗಿದೆ ಅಂತ ಕ್ಯಾಲೆಂಡರ್ ಮೇಲೆ ಬರೆಯೋದು. ಮೂವತ್ತನಾಲ್ಕು ವರ್ಷ!

ಅಷ್ಟರಲ್ಲಿ ಕಾಯಿಲೆ ಬಂದ ತಂಗಿ ಔಷಧಿ ತಗೊಂಡು ಹುಷಾರಾದರು. ಎಲ್ಲಾ ತಿಳಿದೂ ಒಬ್ಬರು ಕೈಹಿಡಿದರು, ಮಗಳು ಹುಟ್ಟಿದಳು.

ಕಾಯಿಲೆ ಬಾರದ ಅಕ್ಕ ಮಾತ್ರ ಒಂಟಿಯಾಗಿ ಉಳಿದರು.

ಡಾಕ್ಟರ್ ಕುರ್ಚಿಯನ್ನ ಅವರ ಹತ್ತಿರಕ್ಕೆ ಎಳೆದುಕೊಂಡರು. "ಇದಕ್ಕೆ ಒಂದೇ ಒಂದು ಜೀನ್ ಕಾರಣ ಅಲ್ಲ ತಾಯಿ. ಸಣ್ಣ ಸಣ್ಣವು ನೂರಾರು ಸೇರ್ತವೆ. ನಿಮ್ಮ ತಂಗೀಲಿ ಇರೋದೆಲ್ಲ ನಿಮ್ಮಲ್ಲೂ ಇದೆ. ಆದ್ರೂ ಬರಲಿಲ್ಲ. ಯಾಕೆ ಅಂತ ಇಷ್ಟು ಓದಿದ ನಮಗೂ ಪೂರ್ತಿ ಗೊತ್ತಿಲ್ಲ."

ಆಮೇಲೆ ಸಿಂಚನಾ ಕಡೆ ತಿರುಗಿದರು. "ತಾಯಿಗಿದ್ರೆ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರಬಹುದು. ಬಂದ್ರೂ ಚಿಕಿತ್ಸೆ ಇದೆ. ನಿಮ್ಮಮ್ಮ ನಿಮ್ಮನ್ನ ಸಾಕಿ ಬೆಳೆಸ್ಲಿಲ್ವಾ?"

ಒಂದೇ ರಕ್ತ, ಎರಡು ಬದುಕು... ಎಂಥ ಸೃಷ್ಟಿ ಅಪ್ಪಾ ಇದು...

"ಇದನ್ನ ನಾನು ಆವತ್ತೇ ಯಾರನ್ನಾದ್ರೂ ಕೇಳಬೇಕಿತ್ತು," ಅಂತ ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಹುಡುಗಿಯ ಕೈ ಹಿಡಿದು, "ನಾ ಕಾದಿದ್ದು ಸಾಕು. ನೀ ಕಾಯ್ಬೇಡ ಮಗಳೇ," ಅಂದರು.

ಸಿಂಚನಾ ಕಣ್ಣೊರೆಸಿಕೊಂಡು ಅಲ್ಲೇ ಆ ಹುಡುಗನಿಗೆ ಫೋನ್ ಹಚ್ಚಿದಳು.

"ನಮ್ಮಮ್ಮಂಗೆ ಬೈಪೋಲಾರ್ ಇದೆ. ನಮ್ಮನೇಲಿ ನಿಮ್ಮಿಂದ ಮುಚ್ಚಿಟ್ಟಿದ್ರು. ನಂಗೂ ಬರಬಹುದು, ಬರದೇನೂ ಇರಬಹುದು. ತಿಳ್ಕೊಂಡು ಬರೋದಾದ್ರೆ ಬನ್ನಿ."

ಆ ಕಡೆಯಿಂದ ಏನು ಕೇಳಿದನೋ ಗೊತ್ತಿಲ್ಲ... ಅವಳು ಅಳುತ್ತಲೇ ನಕ್ಕಳು.

"ಹೂಂ... ಭಾನುವಾರ ಅಮ್ಮನೂ ಇರ್ತಾರೆ. ನೀವೇ ಮಾತಾಡ್ಸಿ."

ರಕ್ತದಲ್ಲಿ ಬಂದಿದ್ದೆಲ್ಲ ಬದುಕಿನಲ್ಲಿ ಬಂದೇ ಬರುತ್ತೆ ಅಂತಿಲ್ಲ.

ಇನ್ನೂ ಬಾರದೇ ಇರೋ ಯಾವುದಕ್ಕೆ ಹೆದರಿ, ನೀವು ನಿಮ್ಮ ಬದುಕನ್ನ ನಿಲ್ಲಿಸಿಕೊಂಡು ಕೂತಿದ್ದೀರಿ?