ಹೊಸ ಬೋರ್ಡು

ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು ಅವನು ಮಾಸಾಶನದ ಅರ್ಜಿಯನ್ನು ಕಚೇರಿಯ ಕಿಟಕಿಯೊಳಗೆ ಚಾಚಿದ. ಒಳಗೆ ಕೂತಿದ್ದ ಕ್ಲರ್ಕ್ ಅರ್ಜಿಯ ಜೊತೆಗಿದ್ದ ಸರ್ಟಿಫಿಕೇಟನ್ನು ಓದಿ ವಾಪಸ್ ತಳ್ಳಿದಳು.

“ಇದರಲ್ಲಿ ‘ವಿಕಲಚೇತನ’ ಅಂತಿದೆ. ಈಗ ಆ ಪದ ನಡೆಯಲ್ಲ. ‘ವಿಶೇಷಚೇತನ’ ಅಂತ ಇರ್ಬೇಕು.”

“ಹೋದ ಸಲ ‘ಅಂಗವಿಕಲ’ ಅಂತಿದೆ ಅಂತ ವಾಪಸ್ ಕಳಿಸಿದ್ರಿ ಮೇಡಂ. ಇದನ್ನ ಮಾಡಿಸೋಕೆ ಎರಡು ವರ್ಷ ಅಲೆದಿದೀನಿ.”

“ಇನ್ನೊಂದು ಸಲ ಡಾಕ್ಟರಿಗೆ ಕಾಲು ತೋರ್ಸಿ, ಹೊಸದು ಬರೆಸ್ಕೊಂಡು ಬನ್ನಿ.”

“ಕಾಲು ಅದೇ ಅಲ್ವಾ ಮೇಡಂ? ಸ್ಕೂಲಲ್ಲಿ ಎಲ್ರೂ ಕುಂಟ ಅಂತಿದ್ದಾಗ್ಲೂ ಇದೇ ಕಾಲು.”

“ಛೆ, ಹಾಗೆಲ್ಲ ಅನ್ಬಾರ್ದು. ನಿಮ್ಮಂಥವರ ಮನಸ್ಸಿಗೆ ನೋವಾಗುತ್ತೆ.”

ಅವನು ಕದಲಲಿಲ್ಲ. ಹಿಂದೆ ನಿಂತವರು ಗೊಣಗಿದರು. ಅವಳಿಗೆ ಸಿಟ್ಟು ಬಂತು.

“ಬಾಗಿಲ ಹತ್ರ ಹೊಸ ಬೋರ್ಡ್ ಇದೆಯಲ್ಲ, ಓದ್ಲಿಲ್ವೇನ್ರೀ? ಏನಂತ ಬರ್ದಿದಾರೆ?”

“‘ವಿಶೇಷಚೇತನರ ಕಚೇರಿ’ ಅಂತ. ಬೆಳಗ್ಗೆ ನಾನೇ ಬರ್ದಿದ್ದು ಮೇಡಂ, ಬಣ್ಣ ಇನ್ನೂ ಒಣಗಿಲ್ಲ.”

ಅವನು ನೀಲಿ ಮೆತ್ತಿದ್ದ ಬೆರಳುಗಳನ್ನು ತೋರಿಸಿದ. ಅವಳು ನೋಡಿದಳು.

“ಅಷ್ಟು ಗೊತ್ತಿದ್ದೂ ಹಳೇ ಸರ್ಟಿಫಿಕೇಟ್ ಯಾಕ್ರೀ ತಂದ್ರಿ?”