ಕಾಗದದ ಹೂವಿನ ಬೆಟ್ಟ

ಎದುರು ಮನೆಯಲ್ಲಿ ಅಡುಗೆಕಟ್ಟೆಗೆ ಗ್ರಾನೈಟ್ ಕೊಯ್ಯುತ್ತಿದ್ದಾರೆ. ಒದ್ದೆ ಕಲ್ಲುಪುಡಿಯ ವಾಸನೆ ಸಾತನೂರಿನ ಕಡೆಯ ಒಂದು ಬೆಟ್ಟವನ್ನೂ ಅದನ್ನು ತಿಂದು ತೇಗಿದ ನನ್ನ ಸೋದರಮಾವನನ್ನೂ ನೆನಪಿಗೆ ತರುತ್ತಿದೆ.

ಮಾವ ಅಲ್ಲಿ ಕ್ವಾರಿ ನಡೆಸಿದ್ದ. ಕಲ್ಲು ಮುಗಿದ ಮೇಲೆ ಗುಂಡಿಯ ಸುತ್ತ ಕಾಗದದ ಹೂವಿನ ಗಿಡ ನೆಡಿಸಿ, ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಜ್ಜಿಯನ್ನೂ ನನ್ನನ್ನೂ ಕರೆದೊಯ್ದ. ಬೆಟ್ಟವನ್ನು ತಾನೇ ಹೆತ್ತವನಂತೆ ಕೈಬೀಸಿ ತೋರಿಸಿದ.

"ನೋಡವ್ವ, ಬೆಟ್ಟದ ತುಂಬ ಹೂ ಮಾಡಿಸ್ಬುಟ್ಟಿವ್ನಿ. ಇನ್ನು ಜೇನು ತಾವಾಗೇ ಬತ್ತವೆ."

ಮೊದಲು ಆ ಇಳಿಜಾರಿನ ತುಂಬ ತುಂಬೆ ಇತ್ತು. ಜೇನುಹುಳಗಳ ಜೊತೆ ಪೈಪೋಟಿಗೆ ಬಿದ್ದು ನಾವು ಮಕ್ಕಳು ಅದರ ಸಿಹಿ ಚೀಪುತ್ತಿದ್ದೆವು. ತುಂಬೆಯೆಲ್ಲ ಕಲ್ಲುಪುಡಿಯಡಿ ಹೂತುಹೋದ ಮೇಲೆ ಹುಳಗಳೂ ಬರಲಿಲ್ಲ. ಬೆಟ್ಟದ ಬುಡದ ಹೊಲದಲ್ಲಿ ಅಜ್ಜಿಯ ಹುಚ್ಚೆಳ್ಳು ಹಳದಿಯಾಗಿ ಹೂ ಬಿಡುತ್ತಿತ್ತು, ಆದರೆ ಹುಳ ಮುಟ್ಟದೆ ಕಾಳು ಕಟ್ಟುತ್ತಿರಲಿಲ್ಲ; ಬಡಿದರೆ ಬರೀ ಜೊಳ್ಳು.

ಅಜ್ಜಿ ಗುಲಾಬಿ ಬಣ್ಣದ ಒಂದು ಕಾಗದದ ಹೂ ಕಿತ್ತು ಮಗನ ಬಾಯಿಗೆ ಹಿಡಿದಳು.

"ಒಸಿ ಚೀಪ್ಲಾ."

ಮಾವ ನಕ್ಕ. ಅಜ್ಜಿ ನಗಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಕೊನೆಗೆ ಅವನು ಚೀಪಿದ, ಅಂಗಿಗೆ ಸಿಡಿಯದಂತೆ ಬಗ್ಗಿ ಉಗಿದ.

"ಏನೂ ಇಲ್ಲ ಕಣವ್ವ ಇದ್ರಲ್ಲಿ."

"ನಿನ್ನಂತೋನ್ಗೇ ಗೊತ್ತಾಯ್ತಲ್ಲ," ಎಂದಳು ಅಜ್ಜಿ, "ಜೇನುಳಕ್ಕೆ ಗೊತ್ತಾಗಕಿಲ್ವಾ?"