ಹನ್ನೊಂದು ಗೆರೆ

"ಒಂದು ನಿಮಿಷ ಡಾಕ್ಟ್ರೇ" ಎಂದು ಮಾಸ್ಟ್ರಮ್ಮ ಅನ್ನುವಷ್ಟರಲ್ಲಿ ನರದ ಡಾಕ್ಟರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅವಳ ಬಲಗೈಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಒರೆಸಿಯೇಬಿಟ್ಟರು. ಹನ್ನೊಂದು ದಿನದ ಕೆಲಸ ಕಸದ ಬುಟ್ಟಿಗೆ ಬಿತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲ್ಲಿನಲ್ಲಿ ಅವಳೇ ಎಳೆದುಕೊಂಡಿದ್ದ ಗೆರೆಗಳವು. ದಿನಾ ಬೆಳಿಗ್ಗೆ ಗುಂಡುಸೂಜಿಯಿಂದ ಬೆರಳ ತುದಿಯಲ್ಲಿ ಶುರುಮಾಡಿ ಮೇಲಕ್ಕೆ ಚುಚ್ಚಿಕೊಂಡು ಬರುವುದು, ಮೊದಲು ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ಒಂದು ಗೆರೆ, ಪಕ್ಕದಲ್ಲಿ ತಾರೀಖು. ಮೊದಲ ದಿನ ಮಣಿಕಟ್ಟಿನ ಹತ್ತಿರವಿದ್ದ ಗೆರೆ ಇವತ್ತು ಮೊಣಕೈಗೆ ಎರಡೇ ಬೆರಳು ಕೆಳಗಿತ್ತು. ಅಳಿಸಿ ಹೋಗಬಾರದೆಂದು ಪುಣ್ಯಾತ್ಗಿತ್ತಿ ಆ ಕೈಗೆ ಅಷ್ಟು ದಿನವೂ ಸೋಪು ಮುಟ್ಟಿಸಿರಲಿಲ್ಲ.

"ಕೈ ಸ್ವಲ್ಪ ಗಲೀಜಾಗಿತ್ತು," ಎಂದರು ಡಾಕ್ಟರು, ಒಳ್ಳೆಯ ಮನಸ್ಸಿನಿಂದಲೇ. "ಈಗ ಹೇಳಿ, ಎಲ್ಲಿಂದ ಸ್ಪರ್ಶ ಗೊತ್ತಾಗಲ್ಲ?"

"ಆ ಕೊನೇ ಗೆರೆಯಿಂದ ಕೆಳಗೆ."

"ಯಾವ ಗೆರೆ?"

ಮಾಸ್ಟ್ರಮ್ಮ ಬುಟ್ಟಿಯಲ್ಲಿದ್ದ ನೀಲಿ ಹತ್ತಿಯನ್ನು ನೋಡಿದಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಕಟಿಂಗ್ ಮಾಸ್ಟರು, ಅದಕ್ಕೇ ಎಲ್ಲರಿಗೂ ಮಾಸ್ಟ್ರಮ್ಮ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಎಳೆಯಷ್ಟೂ ಆಚೀಚೆ ಆಗದಂತೆ ಕತ್ತರಿಸುವ ಕೈ ಅದು. ಐದು ತಿಂಗಳ ಹಿಂದೆ ಒಂದು ದಿನ ಆ ಕೈಯಿಂದ ಕತ್ತರಿ ಜಾರಿತು. ಜಾರಿದ್ದು ಅವಳಿಗೆ ಗೊತ್ತಾದದ್ದು ನೆಲದ ಮೇಲೆ ಸದ್ದಾದ ಮೇಲೆ. ಕಳೆದ ವಾರವಂತೂ ನಲವತ್ತು ಕಾಲರು ಒಟ್ಟಿಗೆ ಸೊಟ್ಟಗಾದವು. ಮಾಲೀಕರು ಕೆಟ್ಟವರಲ್ಲ, ಕಾಗದ ನಂಬುವವರು ಅಷ್ಟೆ. ಕಾಯಿಲೆಯ ಹೆಸರು ಬರೆಸಿಕೊಂಡು ಬಂದರೆ ರಜೆಯೂ ಉಂಟು, ವಾಸಿಯಾದ ಮೇಲೆ ಅದೇ ಮೇಜೂ ಉಂಟು. ಹೆಸರಿಲ್ಲದ ಕಾಯಿಲೆಗೆ ತಮ್ಮಲ್ಲಿ ಸೋಮಾರಿತನ ಅನ್ನುತ್ತಾರೆ, ಸೋಮವಾರದಿಂದ ಮೇಜು ಬೇರೆಯವರಿಗೆ ಎಂದಿದ್ದರು.

ಹೆಸರು ಅಷ್ಟು ಸಲೀಸಾಗಿ ಸಿಗಬೇಕಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಾಗೆ ಒಬ್ಬೊಬ್ಬ ಡಾಕ್ಟರದೂ ಒಂದೊಂದು ರಾಗ. ಮೂಳೆಯವರು ಕುತ್ತಿಗೆಯದೇ ತೊಂದರೆ ಎಂದು ಪಟ್ಟಿ ಕಟ್ಟಿದರು. ಕಣ್ಣಿನವರು ಕನ್ನಡಕ ಬದಲಾಯಿಸಿದರು. ಹೊಟ್ಟೆಯವರು ಗ್ಯಾಸ್ ಅಂದರು. ಕೈಗೂ ಗ್ಯಾಸಿಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ, ಗ್ಯಾಸು ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ಜ್ಞಾನೋದಯ ಮಾಡಿಸಿದರು. ತಲೆಯ ಸ್ಕ್ಯಾನ್ ನೋಡಿದವರು, ಏನೂ ಕಾಣುತ್ತಿಲ್ಲ, ಹಾಗಂತ ಏನೂ ಇಲ್ಲ ಅಂತಲ್ಲ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟರು. ಪ್ರತಿ ಸಲ ನಾರ್ಮಲ್ ಎಂಬ ರಿಪೋರ್ಟು ಬಂದಾಗಲೂ, ಜೊತೆಗೆ ಬರುತ್ತಿದ್ದ ನಾದಿನಿ ಪರೀಕ್ಷೆಯಲ್ಲಿ ತಾನೇ ಪಾಸಾದಂತೆ ಹಿಗ್ಗುತ್ತಿದ್ದಳು. ಮಾಸ್ಟ್ರಮ್ಮನಿಗೆ ಮಾತ್ರ ಒಂದೊಂದು ನಾರ್ಮಲ್ಲಿಗೂ ಎದೆ ಧಸಕ್ಕೆನ್ನುತ್ತಿತ್ತು. ಕೈಯಲ್ಲಿ ಏನೂ ಇಲ್ಲ ಅಂದಮೇಲೆ ತನಗೆ ತಲೆಯೇ ಕೆಟ್ಟಿರಬೇಕಲ್ಲ? ಆ ಭಯಕ್ಕೇ ಅವಳು ಗೆರೆ ಎಳೆಯತೊಡಗಿದ್ದು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವಳು ಕಣ್ಣುಮುಚ್ಚಿ ನಂಬಿದ್ದು ಗೆರೆಯೊಂದನ್ನೇ.

ನರದ ಡಾಕ್ಟರು ಮಂಡಿಗೆ ಪುಟ್ಟ ಸುತ್ತಿಗೆಯಿಂದ ಕುಟ್ಟಿದರು, ಮೂಗು ಮುಟ್ಟಿಸಿದರು, ನಾಲ್ಕು ಹೆಜ್ಜೆ ನಡೆಸಿದರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಮನಸ್ಸಿಗೆ ಏನಾದ್ರೂ ಚಿಂತೆ ಇದೆಯಾ?" ಎಂದು ಕೇಳಿದರು.

"ಇದೆ. ಕೈ ಸತ್ತು ಹೋಗ್ತಿದೆಯಲ್ಲ ಅಂತ."

"ನೋಡಿದ್ರಾ, ಆ ಚಿಂತೆಯಿಂದಲೇ ಕೈ ಹೀಗಾಗಿರೋದು."

ತಾನೂ ಇದನ್ನೇ ಬಡಕೊಳ್ಳುತ್ತಿದ್ದೆ, ಅತ್ತಿಗೆ ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುತ್ತಾರೆ ಎಂದು ನಾದಿನಿ ದನಿಗೂಡಿಸಿದಳು. ಮಾಸ್ಟ್ರಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ನಮ್ಮಲ್ಲಿ ಅಂಗಿ ಸರಿಹೋಗ್ಲಿಲ್ಲ ಅಂದ್ರೆ, ನಿಮ್ಮ ಮೈಯೇ ಸರಿ ಇಲ್ಲ ಅಂತ ಕಳಿಸಿಬಿಡಲ್ಲ ಡಾಕ್ಟ್ರೇ. ಹೊಲಿಗೆ ಬಿಚ್ಚಿ ಇನ್ನೊಂದು ಸಲ ಅಳತೆ ತಗೋತೀವಿ."

ಅಲ್ಲಿಗೆ ಕಟ್ಟೆಯೊಡೆಯಿತು. ಕತ್ತರಿ ಜಾರಿದ ದಿನದಿಂದ ಹಿಡಿದು, ಯಾವ ತಾರೀಖಿಗೆ ಮರಗಟ್ಟಿದ್ದು ಎಲ್ಲಿಗೆ ಬಂದಿತ್ತು, ಯಾವ ಬೆರಳು ಮೊದಲು ಹೋಯಿತು, ಅನ್ನ ಕಲಸುವಾಗ ಬಿಸಿ ಗೊತ್ತಾಗದೆ ಬೊಬ್ಬೆ ಎದ್ದದ್ದು, ಎಲ್ಲವನ್ನೂ ಬಡಬಡನೆ ಹೇಳಿದಳು. ಡಾಕ್ಟರು ಅಡ್ಡ ಬಾಯಿ ಹಾಕಲಿಲ್ಲ. ಅವಳ ಮುಖವನ್ನೊಮ್ಮೆ ನೋಡುವುದು, ಟೈಪು ಮಾಡುವುದು, ಮತ್ತೆ ನೋಡುವುದು. ಐದು ತಿಂಗಳಲ್ಲಿ ಮೊದಲ ಸಲ ಒಬ್ಬರು ತನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ಮಾಸ್ಟ್ರಮ್ಮನ ಕಣ್ಣು ತುಂಬಿತು. ಮಾಲೀಕರಿಗೆ ಕೊಡುವ ಸರ್ಟಿಫಿಕೇಟನ್ನೂ ಡಾಕ್ಟರು ಹಿಂದುಮುಂದು ನೋಡದೆ ಸಹಿ ಹಾಕಿ ಕೊಟ್ಟರು. ಅವರಿಗೆ ನೂರು ವರ್ಷ ಆಯಸ್ಸಾಗಲಿ ಎಂದು ಅವಳು ಮನಸ್ಸಿನಲ್ಲೇ ಹರಸಿದಳು.

ಹೊರಗಿನ ಬೆಂಚಿನಲ್ಲಿ ಕೂತು ನಾದಿನಿ ಆ ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿದಳು. ಕೈ ನಾರ್ಮಲ್, ಕಾಲು ನಾರ್ಮಲ್, ನರ ನಾರ್ಮಲ್. ಕೆಳಗೆ ಕಾಯಿಲೆ ಅಂತಿದ್ದ ಜಾಗದಲ್ಲಿ "ಮಿತಿಮೀರಿದ ಮಾತು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ದಿನಕ್ಕೆ ಎರಡು ಮಾತ್ರೆ.

ನಾದಿನಿ ನೆಮ್ಮದಿಯಿಂದ ಅವಳ ಬಲಗೈ ಅದುಮಿದಳು. ಮಾಸ್ಟ್ರಮ್ಮನಿಗೆ ಅದು ಗೊತ್ತಾಗಲಿಲ್ಲ.

"ಸದ್ಯ ಅತ್ತಿಗೆ, ಕೊನೆಗೂ ಏನೋ ಒಂದು ಸಿಕ್ತಲ್ಲ."